ಮನೆ ಅರಸನದು, ನಕ್ಷತ್ರಗಳು ಯಾರವು?

ಲಂಡನ್ ನಗರದ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ, ಗ್ರೀನಿಚ್ ಎಂಬ ಊರಿದೆ. ಅಲ್ಲಿಯ ರಾಜೋದ್ಯಾನದ ನಡುವೆ ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಇಟ್ಟಿಗೆಯ ಒಂದು ಮನೆ. ಮನೆಯ ಮಾಡಿನ ಮೇಲೆ ಒಂದು ಕಂಬ, ಆ ಕಂಬಕ್ಕೆ ಪೋಣಿಸಿದ ಕೆಂಪು ಗೋಲ. ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಈ ಗೋಲವು ಕೆಳಗೆ ಜಾರುವಂತೆ 1833ರಲ್ಲಿ ಏರ್ಪಾಡು ಮಾಡಿದರು. ನದಿಯಲ್ಲಿ ಲಂಗರು ಹಾಕಿದ ಹಡಗುಗಳ ನಾವಿಕರು ಅದನ್ನು ಕಂಡು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳಲೆಂದು. ನಮ್ಮ ಗಡಿಯಾರಗಳಿಗೂ ಆ ಗುಡ್ಡದ ಋಣವಿದೆ. ಭಾರತದ ಕಾಲವು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದು ಎಂದಲ್ಲವೆ ನಾವು ಎಣಿಸುವುದು?

ಈ ಮನೆಗೆ ಫ್ಲಾಮ್‌ಸ್ಟೀಡ್ ಭವನವೆಂದು ಹೆಸರು. 1675ರಲ್ಲಿ ಇಂಗ್ಲೆಂಡಿನ ಮದ್ದುಗುಂಡಿನ ಇಲಾಖೆಯು ಇದನ್ನು ತನ್ನ ಲೆಕ್ಕದಲ್ಲಿ ಕಟ್ಟಿಸಿತು. 1818ರಲ್ಲಿ ಇದು ನೌಕಾ ಇಲಾಖೆಯ ವಶಕ್ಕೆ ಬಂತು. 1948ರವರೆಗೂ ರಾಜಖಗೋಲಜ್ಞರ ವಾಸದ ಮನೆಯಾಗಿ ನಡೆದುಬಂತು. ಅದರ ಮೊದಲನೆಯ ಒಕ್ಕಲು ಜಾನ್ ಫ್ಲಾಮ್‌ಸ್ಟೀಡ್. ಆತ ಅಲ್ಲಿ 43 ವರ್ಷಗಳ ಕಾಲ ಬಾಳಿದ, ಅಲ್ಲಿಯೇ ತೀರಿಕೊಂಡ. ನ್ಯೂಟನ್ನನ ಪ್ರತಿಭೆಯಾಗಲಿ ಹ್ಯಾಲಿಯ ಸರಸ ಸ್ವಭಾವವಾಗಲಿ ಅವನಿಗಿರಲಿಲ್ಲ. ಆದರೆ ಆ ಮನೆಯಲ್ಲಿ ಅವನು ಎತ್ತಿದ ಒಂದು ಪ್ರಶ್ನೆಗೆ ಇಂದಿಗೂ ನಿಶ್ಚಿತವಾದ ಉತ್ತರ ದೊರೆತಿಲ್ಲವೆಂದು ನಾನು ಬಲ್ಲೆ. ಸರ್ಕಾರದ ಸೂರಿನಡಿಯಲ್ಲಿ, ಸರ್ಕಾರದ ಸಂಬಳದಲ್ಲಿ, ಆದರೆ ಸ್ವಂತ ಉಪಕರಣಗಳಿಂದ ಒಬ್ಬನು ಮಾಡಿದ ಕೆಲಸದ ಫಲ ಯಾರ ಸೊತ್ತು?

ಫ್ಲಾಮ್‌ಸ್ಟೀಡ್ ಹುಟ್ಟಿದ್ದು 1646ರ ಆಗಸ್ಟ್ 19ರಂದು, ಡಾರ್ಬಿ ಪ್ರಾಂತದ ಡೆನ್‌ಬಿ ಎಂಬ ಹಳ್ಳಿಯಲ್ಲಿ. ತಂದೆ ಮೊಳಕೆಗಟ್ಟಿಸಿದ ಬಾರ್ಲಿಯ ವ್ಯಾಪಾರ ಮಾಡಿ ಸ್ಥಿತಿವಂತನಾಗಿದ್ದವನು. ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಈಜಲು ಹೋಗಿ ಬಂದವನಿಗೆ ಶೀತ ತಗುಲಿ, ಕೀಲುಗಳಲ್ಲಿ ಬಾವು ಬಂದು, ನಡೆಯುವುದೇ ಕಷ್ಟವಾಯಿತು. ಆ ಕಾಯಿಲೆ ಜೀವಮಾನವೆಲ್ಲ ಅವನನ್ನು ಬಿಡಲಿಲ್ಲ. ತಂದೆ ಅವನ ಶಾಲೆ ಬಿಡಿಸಿದ, ವಿಶ್ವವಿದ್ಯಾನಿಲಯಕ್ಕೂ ಕಳುಹಿಸಲಿಲ್ಲ. 1665ರಲ್ಲಿ, ಕೈಯಿಂದ ಮುಟ್ಟಿ ರೋಗ ವಾಸಿಮಾಡುತ್ತಾನೆಂದು ಹೆಸರಾಗಿದ್ದ ಗ್ರೇಟ್‌ರೇಕ್ಸ್ ಎಂಬುವನನ್ನು ಕಾಣಲು ಯುವಕನು ಐರ್ಲೆಂಡಿಗೆ ಪಯಣ ಹೋದ, ಗುಣವಾಗಲಿಲ್ಲ.

ಮನೆಯಲ್ಲಿ ಕುಳಿತವನಿಗೆ ಪುಸ್ತಕಗಳೇ ಗುರುಗಳಾದವು. ಎರವಲು ತಂದ ಒಂದು ಖಗೋಲಗ್ರಂಥದಿಂದ ಮೊದಲುಗೊಂಡು ತಾನೇ ಲೆಕ್ಕ ಹಾಕುವುದನ್ನು ಕಲಿತ. 1662ರ ಸೆಪ್ಟೆಂಬರಿನ ಪಾರ್ಶ್ವ ಸೂರ್ಯಗ್ರಹಣವನ್ನು ಸ್ವತಃ ವೀಕ್ಷಿಸಿದ. ಅಚ್ಚಾದ ಕೋಷ್ಟಕಗಳು ಹೇಳುವ ಹೊತ್ತಿಗೂ ಆಕಾಶದಲ್ಲಿ ಕಾಣುವ ಹೊತ್ತಿಗೂ ಹೊಂದಿಕೆಯಿಲ್ಲವೆಂಬುದು ಆ ಹುಡುಗನಿಗೆ ಬೇಗನೆ ತಿಳಿಯಿತು. ಪುಸ್ತಕ ಹೇಳುವುದು ಒಂದು, ಆಕಾಶ ತೋರಿಸುವುದು ಮತ್ತೊಂದಾದರೆ ಪುಸ್ತಕವನ್ನೇ ತಿದ್ದಬೇಕು ಎಂಬ ಹಠ ಅವನಲ್ಲಿ ಅಂದೇ ಬೇರೂರಿತೆಂದು ತೋರುತ್ತದೆ. 1669ರಲ್ಲಿ ತಾನು ಗಣಿಸಿದ ಕೆಲವು ಫಲಿತಾಂಶಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದ. ವಿದ್ವಾಂಸರು ಬೆರಗಾದರು. ಮದ್ದುಗುಂಡಿನ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಸರ್ ಜೋನಾಸ್ ಮೂರ್ ಅವನ ಪೋಷಕನಾದ.

ಆ ಕಾಲದ ದೊಡ್ಡ ಸಮಸ್ಯೆ ಸಮುದ್ರದ ಮೇಲೆ ರೇಖಾಂಶವನ್ನು ಕಂಡುಕೊಳ್ಳುವುದು. ಹಡಗು ಉತ್ತರದಿಂದ ದಕ್ಷಿಣಕ್ಕೆ ಎಷ್ಟು ದೂರ ಬಂದಿದೆ ಎಂಬುದನ್ನು ಸೂರ್ಯನನ್ನೋ ಧ್ರುವನಕ್ಷತ್ರವನ್ನೋ ನೋಡಿ ತಿಳಿಯಬಹುದು. ಪೂರ್ವದಿಂದ ಪಶ್ಚಿಮಕ್ಕೆ ಎಷ್ಟು ಬಂದಿದೆ ಎಂಬುದನ್ನು ತಿಳಿಯುವ ನಂಬಿಕೆಯ ಉಪಾಯ ಯಾರ ಬಳಿಯೂ ಇರಲಿಲ್ಲ. ದಡ ದೂರವಿದೆಯೆಂದು ನಂಬಿ ರಾತ್ರಿಯಲ್ಲಿ ಬಂಡೆಗೆ ಬಡಿದು ಒಡೆದ ಹಡಗುಗಳೆಷ್ಟೋ. 1674ರ ಸುಮಾರಿಗೆ ಫ್ರಾನ್ಸ್ ದೇಶದವನೊಬ್ಬ, ನಕ್ಷತ್ರಗಳ ನಡುವೆ ಚಂದ್ರನ ಸ್ಥಾನವನ್ನು ನೋಡಿ ರೇಖಾಂಶವನ್ನು ಗಣಿಸಬಹುದೆಂಬ ಸಲಹೆಯನ್ನು ಎರಡನೆಯ ಚಾರ್ಲ್ಸ್ ದೊರೆಯ ಪ್ರೇಯಸಿಯ ಮೂಲಕ ದೊರೆಯ ಕಿವಿಗೆ ಮುಟ್ಟಿಸಿದ. ವಿಚಾರಣೆಗೆ ನೇಮಿಸಿದ ಮಂಡಲಿಯಲ್ಲಿ ಕ್ರಿಸ್ಟಫರ್ ರೆನ್, ರಾಬರ್ಟ್ ಹುಕ್ ಮೊದಲಾದವರಿದ್ದರು. ಅವರು ಫ್ಲಾಮ್‌ಸ್ಟೀಡನ ಅಭಿಪ್ರಾಯ ಕೇಳಿದರು. ಉಪಾಯ ತತ್ತ್ವದಲ್ಲಿ ಸರಿಯೇ. ಆದರೆ ನಕ್ಷತ್ರಗಳ ಸ್ಥಾನಗಳೇ ಯಾರಿಗೂ ಸಾಕಷ್ಟು ನಿಖರವಾಗಿ ಗೊತ್ತಿಲ್ಲ, ಚಂದ್ರನ ಗತಿಯಂತೂ ಇನ್ನೂ ಕಡಿಮೆ ಗೊತ್ತು ಎಂದು ಅವನು ಬರೆದುಕೊಟ್ಟ. ದೊರೆ ಆಶ್ಚರ್ಯಪಟ್ಟು, ತನ್ನ ನಾವಿಕರಿಗಾಗಿ ಅವುಗಳನ್ನೆಲ್ಲ ಹೊಸದಾಗಿ ಅಳೆಯಿಸಲೇಬೇಕೆಂದು ನಿಶ್ಚಯಿಸಿದ. 1675ರ ಮಾರ್ಚ್ 4ರಂದು ನೇಮಕದ ಆಜ್ಞೆಯಾಯಿತು. ವರ್ಷಕ್ಕೆ 100 ಪೌಂಡು ಸಂಬಳ.

ಇನ್ನು ಮನೆಯ ಸಂಗತಿ. ಗ್ರೀನಿಚ್ ಗುಡ್ಡದ ಮೇಲೆ ಹಾಳುಬಿದ್ದ ಹಳೆಯ ಕೋಟೆಯೊಂದರ ಅಡಿಪಾಯವಿತ್ತು. ಅದರ ಮೇಲೆಯೇ ಕಟ್ಟಬಹುದೆಂದು ರೆನ್ ಸೂಚಿಸಿದ. ಖರ್ಚಿಗೆ 500 ಪೌಂಡುಗಳ ಮಿತಿ. ಆ ಹಣ ಬಂದದ್ದು ಕೆಟ್ಟುಹೋದ ಕೋವಿಮದ್ದನ್ನು ಮಾರಿದ್ದರಿಂದ. ಇಟ್ಟಿಗೆ ಟಿಲ್ಬರಿ ಕೋಟೆಯದು. ಮರ, ಕಬ್ಬಿಣ, ಸೀಸ ಲಂಡನ್ ಗೋಪುರದಲ್ಲಿ ಕೆಡವಿದ ಒಂದು ಬಾಗಿಲ್ಮನೆಯವು. ಆಗಸ್ಟ್ 10ರಂದು ತಳಗಲ್ಲು ಬಿತ್ತು. ಕೊನೆಯ ಲೆಕ್ಕ 520 ಪೌಂಡು, 9 ಷಿಲ್ಲಿಂಗು, 1 ಪೆನ್ನಿ. ಸರ್ಕಾರದ ಕಟ್ಟಡವೊಂದು ಅಂದಾಜಿಗಿಂತ ಇಪ್ಪತ್ತು ಪೌಂಡು ಮಾತ್ರ ಮೀರಿ ಮುಗಿಯಿತೆಂದರೆ ನಮ್ಮ ಇಂಜಿನಿಯರುಗಳು ನಂಬಲಾರರು. 1676ರ ಜುಲೈ 10ರಂದು ಫ್ಲಾಮ್‌ಸ್ಟೀಡ್ ಗೃಹಪ್ರವೇಶ ಮಾಡಿದ.

ಆದರೆ ಮನೆಯಲ್ಲಿ ಒಂದು ದೋಷವಿತ್ತು. ಹಳೆಯ ಅಡಿಪಾಯ ಉತ್ತರ-ದಕ್ಷಿಣ ರೇಖೆಗೆ ಸರಿಯಾಗಿರಲಿಲ್ಲ. ಹದಿಮೂರೂವರೆ ಡಿಗ್ರಿ ಓರೆಯಾಗಿತ್ತು. ನಕ್ಷತ್ರವು ಆ ರೇಖೆಯನ್ನು ದಾಟುವ ಗಳಿಗೆಯನ್ನೂ ಆಗ ಅದು ಇರುವ ಎತ್ತರವನ್ನೂ ಅಳೆಯುವುದೇ ಖಗೋಲಜ್ಞನ ಮುಖ್ಯ ಕೆಲಸ. ಓರೆಯಾದ ಗೋಡೆ ಅದಕ್ಕೆ ಬಾರದು. ಹೀಗಾಗಿ ಎತ್ತರವಾದ ಕಿಟಕಿಗಳಿಂದ ಶೋಭಿಸುವ ಎಂಟು ಮೂಲೆಯ ದೊಡ್ಡ ಕೊಠಡಿಯು ಅತಿಥಿಗಳಿಗೆ ತೋರಿಸಲು, ಗ್ರಹಣ ಧೂಮಕೇತುಗಳನ್ನು ನೋಡಲು ಮಾತ್ರ ಉಪಯೋಗಕ್ಕೆ ಬಂತು. ಲೋಕದ ನಕ್ಷತ್ರಗಳನ್ನು ಅಳೆದದ್ದು ತೋಟದ ಮೂಲೆಯಲ್ಲಿ, ನೆಟ್ಟಗೆ ಉತ್ತರ-ದಕ್ಷಿಣವಾಗಿ ಎಬ್ಬಿಸಿದ ಒಂದು ಗೋಡೆಯ ಬಳಿ, ಮಾಡು ತೆರೆಯಬಲ್ಲ ಒಂದು ಗುಡಿಸಿಲಿನಲ್ಲಿ.

ಅದಕ್ಕಿಂತ ದೊಡ್ಡ ಕೊರತೆ ಮತ್ತೊಂದು. ದೊರೆ ಮನೆ ಕೊಟ್ಟ, ಸಂಬಳ ಕೊಟ್ಟ. ಒಂದೇ ಒಂದು ಉಪಕರಣವನ್ನೂ ಕೊಳ್ಳಲು ಹಣ ಕೊಡಲಿಲ್ಲ. ಏಳು ಅಡಿ ತ್ರಿಜ್ಯದ ಸೆಕ್ಸ್‌ಟಂಟನ್ನೂ, ಟಾಂಪಿಯನ್ ಎಂಬ ಹೆಸರಾಂತ ಕುಶಲಿ ಮಾಡಿದ, ಒಮ್ಮೆ ಕೀಲಿ ಕೊಟ್ಟರೆ ವರ್ಷವಿಡೀ ನಡೆಯುವ ಎರಡು ಗಡಿಯಾರಗಳನ್ನೂ ಮೂರ್ ದೊರಕಿಸಿಕೊಟ್ಟ. 1679ರಲ್ಲಿ ಮೂರ್ ತೀರಿಕೊಂಡಾಗ ಅವನ ವಾರಸುದಾರರು ಅವೂ ತಮ್ಮವೆಂದು ಹಕ್ಕು ಹೂಡಲು ಬಂದರು. ಸಂಬಳ ಬಾಕಿ ಬೀಳುವುದುಂಟು. ಬಂದರೂ ಅದರಲ್ಲಿ ತೆರಿಗೆ ಮುರಿದುಕೊಳ್ಳುತ್ತಿದ್ದರು. ಹೊಟ್ಟೆಪಾಡಿಗಾಗಿ ಅವನು ಪಾಠ ಹೇಳಿದ. ಗ್ರೀನಿಚ್ಚಿನ ಆ ಮನೆಯಲ್ಲಿ ಅವನ ಬಳಿ ಕಲಿತು ಹೋದ ಶಿಷ್ಯರು ಸುಮಾರು 140 ಮಂದಿ. ಪಾದ್ರಿಯ ದೀಕ್ಷೆಯನ್ನೂ ಪಡೆದಿದ್ದ ಅವನಿಗೆ 1684ರಲ್ಲಿ ಬರ್ಸ್ಟೋ ಎಂಬ ಹಳ್ಳಿಯ ಚರ್ಚಿನ ಉತ್ಪತ್ತಿಯೂ ಸೇರಿತು.

1688ರಲ್ಲಿ ತಂದೆ ತೀರಿಕೊಂಡು ಪಿತ್ರಾರ್ಜಿತ ಕೈಗೆ ಬಂತು. ಬೇರೊಬ್ಬನಾಗಿದ್ದರೆ ಜಮೀನು ಕೊಳ್ಳುತ್ತಿದ್ದ. ಫ್ಲಾಮ್‌ಸ್ಟೀಡ್ 120 ಪೌಂಡು ಖರ್ಚುಮಾಡಿ ಒಂದು ಭಿತ್ತಿಯಂತ್ರ ಮಾಡಿಸಿದ. ಗೋಡೆಗೆ ಜಡಿದ, ಅಂಶಗಳನ್ನು ಕೊರೆದ ದೊಡ್ಡ ಕಮಾನು ಅದು. ಜಯಪುರದ ಜಂತರ್ ಮಂತರನ್ನು ನೋಡಿದವರಿಗೆ ಆ ಜಾತಿಯ ಯಂತ್ರ ಅಪರಿಚಿತವಲ್ಲ. ಆದರೆ ಇಲ್ಲಿ ಗುರಿ ಹಿಡಿಯಲು ದೂರದರ್ಶಕವನ್ನೇ ಅಳವಡಿಸಿತ್ತು. ಏಬ್ರಹಾಂ ಶಾರ್ಪ್ ಎಂಬ ಸಹಾಯಕನು ಹದಿನಾಲ್ಕು ತಿಂಗಳು ಕುಳಿತು ಅದರ ಗೆರೆಗಳನ್ನು ಕೊರೆದ. 1689ರಿಂದ ಮುಂದೆ ಅಳೆದುದೆಲ್ಲ ಆ ಯಂತ್ರದಿಂದ. ಅದರ ಬೆಲೆಯನ್ನು ಸರ್ಕಾರ ಅವನಿಗೆ ಎಂದೂ ಕೊಡಲಿಲ್ಲ.

ಆ ಕೆಲಸದ ಸ್ವರೂಪವನ್ನು ಓದುಗರು ಊಹಿಸಿಕೊಳ್ಳಬೇಕು. ಇಂಗ್ಲೆಂಡಿನ ಚಳಿಗಾಲದ ರಾತ್ರಿ, ತೆರೆದ ಮಾಡು, ಬೆಂಕಿ ಹಾಕುವಂತಿಲ್ಲ. ಕೀಲುನೋವಿನ ಮನುಷ್ಯ ದೂರದರ್ಶಕಕ್ಕೆ ಕಣ್ಣಿಟ್ಟು ಕುಳಿತಿರುತ್ತಾನೆ. ನಕ್ಷತ್ರ ದಾರವನ್ನು ದಾಟಿದೊಡನೆ ಗಡಿಯಾರದ ಹೊತ್ತನ್ನು ಕೂಗಿ ಬರೆಯಿಸಬೇಕು, ಕಮಾನಿನ ಗೆರೆ ಓದಬೇಕು, ಮತ್ತೊಂದು ನಕ್ಷತ್ರಕ್ಕೆ ಕಾಯಬೇಕು. ಹಗಲು ಆ ಅಂಕಿಗಳನ್ನೆಲ್ಲ ಗಣಿಸಿ ಶುದ್ಧಪಡಿಸಬೇಕು. 1676ರಿಂದ 1689ರವರೆಗೆ ಮಾಡಿದ ವೀಕ್ಷಣೆಗಳೇ ಸುಮಾರು 20,000. ಬರಿಗಣ್ಣಿನಿಂದ ಟೈಕೊ ಬ್ರಾಹೆ ಅಳೆದ ಸ್ಥಾನಗಳಿಗಿಂತ ಇವು ಹಲವು ಪಟ್ಟು ಸೂಕ್ಷ್ಮ. 1690ರ ಡಿಸೆಂಬರಿನಲ್ಲಿ ವೃಷಭರಾಶಿಯ ಒಂದು ಮಂಕು ಚುಕ್ಕೆಯನ್ನೂ ಅವನು ನಕ್ಷತ್ರವೆಂದು ಬರೆದಿಟ್ಟ. 1781ರಲ್ಲಿ ಹರ್ಷೆಲ್ ಅದನ್ನೇ ಯುರೇನಸ್ ಗ್ರಹವೆಂದು ಕಂಡುಹಿಡಿದ. ಆ ಗ್ರಹದ ಕಕ್ಷೆಯನ್ನು ಗಣಿಸುವವರಿಗೆ ಫ್ಲಾಮ್‌ಸ್ಟೀಡನ ಆ ಹಳೆಯ ಅಂಕಿಗಳು ನಿಧಿಯಂತೆ ಒದಗಿದವು.

ಇಷ್ಟು ಅಳೆದವನು ಅಚ್ಚು ಹಾಕಿಸಿದ್ದು ಮಾತ್ರ ಅತ್ಯಲ್ಪ. ಪಟ್ಟಿ ಪೂರ್ಣವಾಗಬೇಕು, ಪ್ರತಿಯೊಂದು ಅಂಕಿಯೂ ಮರುಪರೀಕ್ಷೆಗೆ ನಿಲ್ಲಬೇಕು, ಆಮೇಲೆ ಪ್ರಕಟಣೆ ಎಂಬುದು ಅವನ ನಿಯಮ. ಲೋಕಕ್ಕೆ ಅಷ್ಟು ತಾಳ್ಮೆಯಿರಲಿಲ್ಲ. ಎಲ್ಲರಿಗಿಂತ ಕಡಿಮೆ ತಾಳ್ಮೆ ಐಸಾಕ್ ನ್ಯೂಟನ್ನನಿಗೆ.

ಇವರಿಬ್ಬರ ನಂಟು ಮೊದಲಿಗೆ ಚೆನ್ನಾಗಿಯೇ ಇತ್ತು. 1680ರ ಕೊನೆಯಲ್ಲಿ ಕಂಡ ಎರಡು ಧೂಮಕೇತುಗಳು ಎರಡಲ್ಲ, ಸೂರ್ಯನ ಬಳಿ ಹೋಗಿ ಮರಳಿದ ಒಂದೇ ಎಂದು ಫ್ಲಾಮ್‌ಸ್ಟೀಡ್ ವಾದಿಸಿದ್ದ. ನ್ಯೂಟನ್ ಮೊದಲು ಒಪ್ಪದೆ, ಕೆಲವು ವರ್ಷಗಳ ಮೇಲೆ ಒಪ್ಪಿದ. ಗುರುತ್ವಾಕರ್ಷಣೆಯ ಮಹಾಗ್ರಂಥ 1687ರಲ್ಲಿ ಹೊರಬಂತು. ಆದರೆ ಅದರಲ್ಲಿ ಚಂದ್ರನ ಗತಿ ಪೂರ್ತಿ ಬಗೆಹರಿದಿರಲಿಲ್ಲ. ಅದಕ್ಕೆ ಬೇಕಾದ ಅಂಕಿಗಳು ಲೋಕದಲ್ಲಿ ಗ್ರೀನಿಚ್ಚಿನ ಆ ಮನೆಯೊಂದರಲ್ಲಿಯೇ ಇದ್ದವು. 1694ರ ಸೆಪ್ಟೆಂಬರ್ 1ರಂದು ನ್ಯೂಟನ್ ತಾನಾಗಿ ಗುಡ್ಡವನ್ನೇರಿ ಬಂದ. ಬೇರೆಯವರಿಗೆ ತೋರಿಸಬಾರದೆಂಬ ಷರತ್ತಿನ ಮೇಲೆ ಫ್ಲಾಮ್‌ಸ್ಟೀಡ್ ಚಂದ್ರಸ್ಥಾನಗಳ ಪಟ್ಟಿಯನ್ನು ಕೊಟ್ಟ. ಇನ್ನಷ್ಟು ಬೇಕೆಂದು ಪತ್ರಗಳು ಬಂದವು. ಅಂಕಿಗಳನ್ನು ನಕಲು ಮಾಡಿಸುವ ಕೂಲಿಯನ್ನು ತಾನು ತೆರುವೆನೆಂದು ನ್ಯೂಟನ್ ಬರೆದಾಗ ಫ್ಲಾಮ್‌ಸ್ಟೀಡ್ ಅವಮಾನಗೊಂಡ. ಸಿದ್ಧಾಂತಿಯು ತನ್ನನ್ನು ಸರಕು ಒದಗಿಸುವ ವರ್ತಕನೆಂದು ಭಾವಿಸಿದ್ದಾನೆ ಎಂಬ ನೋವು ಅವನ ಮನಸ್ಸಿನಲ್ಲಿ ನೆಲೆಸಿತು. ಸಿದ್ಧಾಂತ ತಡವಾದದ್ದು ಅವನ ಜಿಪುಣತನದಿಂದ ಎಂಬ ಕೋಪ ನ್ಯೂಟನ್ನನಲ್ಲಿ ಬೆಳೆಯಿತು.

1703ರಲ್ಲಿ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಆನ್ ರಾಣಿಯ ಪತಿ ಜಾರ್ಜ್ ರಾಜಕುಮಾರನು ನಕ್ಷತ್ರಪಟ್ಟಿಯ ಮುದ್ರಣದ ವೆಚ್ಚ ವಹಿಸಲು ಒಪ್ಪಿದ. ಪಟ್ಟಿ ಅಪೂರ್ಣವಾಗಿದ್ದುದರಿಂದ, ಮುಗಿಸಿಕೊಡುವೆನೆಂಬುದರ ಭರವಸೆಗಾಗಿ, ಫ್ಲಾಮ್‌ಸ್ಟೀಡ್ ತನ್ನ ಹಸ್ತಪ್ರತಿಯನ್ನು ಮುದ್ರೆಯೊತ್ತಿ ನ್ಯೂಟನ್ನನ ಕೈಗೊಪ್ಪಿಸಿದ. 1708ರಲ್ಲಿ ರಾಜಕುಮಾರ ಮಡಿದ, ಮುದ್ರಣ ನಿಂತಿತು. 1710ರ ಡಿಸೆಂಬರಿನಲ್ಲಿ ವೇಧಶಾಲೆಯ ಮೇಲ್ವಿಚಾರಣೆಗೆ ನ್ಯೂಟನ್ನನೇ ಮೊದಲಾದವರ ಮಂಡಲಿಯನ್ನು ರಾಣಿ ನೇಮಿಸಿದಳು. ಮುಂದಿನ ವರ್ಷ, ತನ್ನ ಪಟ್ಟಿಯ ಮುದ್ರೆ ಒಡೆದಿದೆ, ಹ್ಯಾಲಿ ಅದನ್ನು ತಿದ್ದಿ ಅಚ್ಚು ಹಾಕಿಸುತ್ತಿದ್ದಾನೆ ಎಂದು ಫ್ಲಾಮ್‌ಸ್ಟೀಡನಿಗೆ ತಿಳಿಯಿತು. 1711ರ ಅಕ್ಟೋಬರ್ 26ರಂದು ಸೊಸೈಟಿಯ ಮನೆಯಲ್ಲಿ ಸಭೆ. ಅರವತ್ತೈದು ವರ್ಷದ ರೋಗಿಯನ್ನು ಮೆಟ್ಟಲು ಹತ್ತಿಸಲು ಬೇರೆಯವರು ಹಿಡಿದುಕೊಳ್ಳಬೇಕಾಯಿತು. ಉಪಕರಣಗಳು ಸುಸ್ಥಿತಿಯಲ್ಲಿವೆಯೇ ಎಂದು ಕೇಳಿದಾಗ, ಅವು ತನ್ನವು, ಪರರ ವಿಚಾರಣೆಗೆ ಒಳಪಟ್ಟವಲ್ಲ ಎಂದು ಅವನು ಉತ್ತರಿಸಿದ. ತನ್ನ ದುಡಿಮೆಯನ್ನು ಕಸಿದುಕೊಂಡರೆಂದು ದೂರಿದ. ನ್ಯೂಟನ್ ಸಭ್ಯತೆಯ ಎಲ್ಲೆ ಮೀರಿ ಬೈದ. 1712ರಲ್ಲಿ ಪುಸ್ತಕ ಹೊರಬಂತು, ನಾನೂರು ಪ್ರತಿ. ಮರುವರ್ಷ ತನ್ನ ಮಹಾಗ್ರಂಥದ ಎರಡನೆಯ ಮುದ್ರಣದಲ್ಲಿ ನ್ಯೂಟನ್ ಹಲವು ಕಡೆ ಫ್ಲಾಮ್‌ಸ್ಟೀಡನ ಹೆಸರನ್ನು ಅಳಿಸಿಹಾಕಿದ.

ನ್ಯಾಯ ಯಾರ ಕಡೆಗಿತ್ತು? ನಾನು ನ್ಯೂಟನ್ನನ ನಡತೆಯನ್ನು ಸಮರ್ಥಿಸಲಾರೆ. ಆದರೆ ಅವನ ವಾದವನ್ನು ತಳ್ಳಿಹಾಕಲೂ ಆರೆ. ಮನೆ ಕಟ್ಟಿದ್ದು ನಾವಿಕರಿಗಾಗಿ. 1707ರಲ್ಲಿ ನೌಕಾಪತಿ ಶೊವೆಲ್‌ನ ನಾಲ್ಕು ಯುದ್ಧನೌಕೆಗಳು ತಾವಿರುವ ಸ್ಥಳವನ್ನು ತಪ್ಪಾಗಿ ಎಣಿಸಿ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ನೀರುಪಾಲಾದರು. ಮೂವತ್ತು ವರ್ಷ ಸಂಬಳ ತೆಗೆದುಕೊಂಡವನು ಇನ್ನೂ ಸಿದ್ಧವಾಗಿಲ್ಲ ಎನ್ನುತ್ತಿದ್ದರೆ ಸರ್ಕಾರ ಕೇಳಬಾರದೆ? ಇತ್ತ ಫ್ಲಾಮ್‌ಸ್ಟೀಡನ ಮಾತೂ ಹಗುರವಲ್ಲ. ತಪ್ಪು ಅಂಕಿ ಹಿಡಿದು ಹೊರಟ ಹಡಗು ಅಂಕಿಯಿಲ್ಲದ ಹಡಗಿನಷ್ಟೇ ಖಂಡಿತವಾಗಿ ಮುಳುಗೀತು. ಸರ್ಕಾರ ತೆತ್ತದ್ದು ಅವನ ರಾತ್ರಿಗಳಿಗೆ ಮಾತ್ರ. ಯಂತ್ರಕ್ಕೆ, ಗಣಕರಿಗೆ ತೆತ್ತದ್ದು ಅವನ ತಂದೆಯ ಗಳಿಕೆ. ಉಪಕರಣ ಕೊಡದ ಒಡೆಯ ಫಲವೆಲ್ಲ ತನ್ನದೆನ್ನುವುದು ಹೇಗೆ? ನನ್ನ ಮನಸ್ಸು ಕೊನೆಗೆ ಒಕ್ಕಲಿನ ಕಡೆಗೇ ವಾಲುತ್ತದೆ. ಪಟ್ಟಿಯನ್ನು ಬಚ್ಚಿಡುವ ಹಕ್ಕು ಅವನಿಗಿರಲಿಲ್ಲ. ಆದರೆ ತನ್ನ ಹೆಸರಿನಲ್ಲಿ ದೋಷಗಳುಳ್ಳ ಪಟ್ಟಿ ಹೊರಡದಂತೆ ತಡೆಯುವ ಹಕ್ಕು ಇತ್ತು.

1714ರಲ್ಲಿ ರಾಣಿ ತೀರಿಕೊಂಡಳು. ಆಸ್ಥಾನದ ಗಾಳಿ ತಿರುಗಿತು. ಮಾರಾಟವಾಗದೆ ಉಳಿದ ಮುನ್ನೂರು ಪ್ರತಿಗಳು 1716ರ ಮಾರ್ಚಿನಲ್ಲಿ ಫ್ಲಾಮ್‌ಸ್ಟೀಡನ ಕೈಸೇರಿದವು. ತಾನೇ ಸಿದ್ಧಪಡಿಸಿದ್ದ ಮೊದಲ ಭಾಗದ ಹಾಳೆಗಳನ್ನು ಬೇರೆ ತೆಗೆದಿಟ್ಟು, ಉಳಿದವನ್ನು ಸತ್ಯಕ್ಕೆ ಆಹುತಿಯೆಂದು ಭಾವಿಸಿ ಬೆಂಕಿಗೆ ಹಾಕಿದ. ಅನಂತರ ತನ್ನ ಖರ್ಚಿನಿಂದಲೇ ಶುದ್ಧಪ್ರತಿಯನ್ನು ಅಚ್ಚು ಹಾಕಿಸಲಾರಂಭಿಸಿದ. ಅದು ಮುಗಿಯುವ ಮುನ್ನವೇ, 1719ರ ಡಿಸೆಂಬರ್ 31ರಂದು, ಕಣ್ಣುಮುಚ್ಚಿದ. ಬರ್ಸ್ಟೋ ಹಳ್ಳಿಯಲ್ಲಿ ಅವನ ಸಮಾಧಿಯಾಯಿತು.

ಇಲ್ಲಿಂದ ಮುಂದೆ ಕಥೆ ಅವನ ಹೆಂಡತಿಯದು. 1692ರಲ್ಲಿ ಅವನನ್ನು ವರಿಸಿದ ಮಾರ್ಗರೆಟ್ ಗಣಿತ ಕಲಿತು ಗಂಡನ ಕೆಲಸದಲ್ಲಿ ನೆರವಾಗಿದ್ದವಳು. ಮಕ್ಕಳಿರಲಿಲ್ಲ. ಹೊಸ ರಾಜಖಗೋಲಜ್ಞನಾಗಿ ಬಂದವನು ಹ್ಯಾಲಿಯೇ. ಅವನು 1720ರಲ್ಲಿ ಬಂದು ನೋಡುವಾಗ ಮನೆ ಬರಿದು: ಗಡಿಯಾರಗಳಿಲ್ಲ, ಸೆಕ್ಸ್‌ಟಂಟಿಲ್ಲ, ಭಿತ್ತಿಯಂತ್ರವಿದ್ದ ಗೋಡೆ ಮಾತ್ರ ನಿಂತಿದೆ. ಗಂಡನ ಸೊತ್ತನ್ನೆಲ್ಲ ಆಕೆ ಸಾಗಿಸಿಬಿಟ್ಟಿದ್ದಳು.

ನಾನು ಬೆಳೆದದ್ದು ಸರ್ಕಾರಿ ವಸತಿಗೃಹಗಳಲ್ಲಿ. ತಂದೆಯವರಿಗೆ ವರ್ಗವಾದಾಗಲೆಲ್ಲ ಗುಮಾಸ್ತರೊಬ್ಬರು ಪಟ್ಟಿ ಹಿಡಿದು ಬಂದು ಬಲ್ಬು, ಚಿಲಕ, ನಲ್ಲಿಗಳನ್ನು ಎಣಿಸಿಕೊಳ್ಳುತ್ತಿದ್ದರು. ನಮ್ಮ ತಾಯಿ ತಾವು ಹಾಕಿಸಿದ ಬಟ್ಟೆ ಒಣಗಿಸುವ ತಂತಿಯನ್ನು ಮರೆಯದೆ ಬಿಚ್ಚಿಕೊಳ್ಳುತ್ತಿದ್ದರು. ತಾವು ನೆಟ್ಟ ಕರಿಬೇವಿನ ಗಿಡವನ್ನು ಮಾತ್ರ ಬಿಟ್ಟು ಬರಬೇಕಾಗುತ್ತಿತ್ತು. ಆದ್ದರಿಂದ ಮಾರ್ಗರೆಟ್ಟಳು ಖಾಲಿ ಮಾಡಿದ ಆ ಮನೆ ನನಗೆ ಕಣ್ಣಿಗೆ ಕಟ್ಟಿದಂತೆ ತೋರುತ್ತದೆ. ಸರ್ಕಾರ ತಕರಾರು ತೆಗೆಯಿತು, ಆಕೆ ಮಣಿಯಲಿಲ್ಲ. ಕೊನೆಗೆ ಸರ್ಕಾರವೇ ಹ್ಯಾಲಿಗೆ 500 ಪೌಂಡು ಕೊಟ್ಟು ಹೊಸ ಉಪಕರಣಗಳನ್ನು ಕೊಡಿಸಬೇಕಾಯಿತು. ಫ್ಲಾಮ್‌ಸ್ಟೀಡ್ ಬದುಕಿದ್ದಾಗ ಆಗಬೇಕಾಗಿದ್ದ ಕೆಲಸ ಅವನ ಹೆಂಡತಿಯ ಹಠದಿಂದ ಹೀಗೆ ನೆರವೇರಿತು.

ಆಕೆ ಅಲ್ಲಿಗೇ ನಿಲ್ಲಲಿಲ್ಲ. ಕ್ರಾಸ್‌ತ್ವೇಟ್ ಮತ್ತು ಶಾರ್ಪ್ ಎಂಬ ಇಬ್ಬರು ಹಳೆಯ ಸಹಾಯಕರ ನೆರವಿನಿಂದ ಗಂಡನ ಗ್ರಂಥವನ್ನು 1725ರಲ್ಲಿ ಮೂರು ಸಂಪುಟಗಳಾಗಿ ಹೊರತಂದಳು; ಸುಮಾರು ಮೂರು ಸಾವಿರ ನಕ್ಷತ್ರಗಳು. 1729ರಲ್ಲಿ ಆಕಾಶದ ನಕ್ಷೆಗಳ ಪುಸ್ತಕವೂ ಬಂತು. ಮರುವರ್ಷ ಆಕೆ ತೀರಿಕೊಂಡಳು.

ಮನೆ ಮಾತ್ರ ಉಳಿಯಿತು. ಪ್ರಪಂಚದ ಶೂನ್ಯ ರೇಖಾಂಶವು ಆ ವೇಧಶಾಲೆಯ ಮೂಲಕವೇ ಹಾಯಬೇಕೆಂದು 1884ರಲ್ಲಿ ವಾಷಿಂಗ್‌ಟನ್ನಿನಲ್ಲಿ ಸೇರಿದ ರಾಷ್ಟ್ರಗಳು ನಿರ್ಣಯಿಸಿದವು. ಲಂಡನ್ನಿನ ಹೊಗೆ, ದೀಪಗಳ ದೆಸೆಯಿಂದ ಖಗೋಲಜ್ಞರು ಅಲ್ಲಿಂದ ಹೊರಟುಹೋದ ಮೇಲೆ, 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯವಾಯಿತು. ಮಾರ್ಗರೆಟ್ ಹೊರಸಾಗಿಸಿದ ಟಾಂಪಿಯನ್ ಗಡಿಯಾರಗಳಲ್ಲಿ ಒಂದು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ; ಮತ್ತೊಂದು ಬಹುಕಾಲ ಊರೂರು ಸುತ್ತಿ ಗ್ರೀನಿಚ್ಚಿಗೇ ಮರಳಿದೆ.

ಒಂದೊಂದು ರಾಶಿಯ ನಕ್ಷತ್ರಗಳಿಗೂ ಸಾಲಾಗಿ ಅಂಕೆಗಳನ್ನಿಟ್ಟು ಕರೆಯುವ ಪದ್ಧತಿಗೆ ಖಗೋಲಜ್ಞರು ಇಂದಿಗೂ ಫ್ಲಾಮ್‌ಸ್ಟೀಡನ ಹೆಸರನ್ನೇ ಹೇಳುತ್ತಾರೆ. 1838ರಲ್ಲಿ ಬೆಸೆಲ್ ದೂರ ಅಳೆದದ್ದು ಸಿಗ್ನಸ್ ಎಂಬ ಹಂಸರಾಶಿಯ 61ನೆಯ ನಕ್ಷತ್ರಕ್ಕೆ. 1995ರಲ್ಲಿ, ನಮ್ಮ ಸೂರ್ಯನಂಥ ಮತ್ತೊಂದು ನಕ್ಷತ್ರಕ್ಕೂ ಗ್ರಹವಿದೆಯೆಂದು ಮೊದಲು ಕಂಡದ್ದು ಪೆಗಸಸ್ ಎಂಬ ರೆಕ್ಕೆಗುದುರೆಯ ರಾಶಿಯ 51ನೆಯದರ ಬಳಿ. ಈಗ ಬಳಕೆಯಲ್ಲಿರುವ ಅಂಕೆಗಳನ್ನು ಕೊಟ್ಟವನು ಲಲಾಂಡ್ ಎಂಬ ಫ್ರೆಂಚ್ ವಿದ್ವಾಂಸ, 1783ರಲ್ಲಿ. ಆದರೆ ಅಂಥ ಅಂಕೆಗಳು ಮೊದಲು ಕಾಣಿಸಿಕೊಂಡದ್ದು ಹ್ಯಾಲಿಯ 1712ರ ಪುಸ್ತಕದಲ್ಲಿ. ಮಾರ್ಗರೆಟ್ ಹೊರತಂದ ಶುದ್ಧಪ್ರತಿಯಲ್ಲಿ ಅವು ಇಲ್ಲ. ತನ್ನದಲ್ಲವೆಂದು ಫ್ಲಾಮ್‌ಸ್ಟೀಡ್ ಬೆಂಕಿಗೆ ಹಾಕಿದ ಪುಸ್ತಕದಿಂದಲೇ ಲೋಕವು ಅವನ ಹೆಸರನ್ನು ಎತ್ತಿಕೊಂಡು ಆಕಾಶಕ್ಕೆ ಅಂಟಿಸಿಬಿಟ್ಟಿದೆ.